ಫಾರಂನಲ್ಲಿ ಇಲ್ಲದ ಅಕ್ಕ

ಲೋ ತಮ್ಮಾ,

ಅಮ್ಮನಿಗೆ ಮಧ್ಯಾಹ್ನದ ಮಾತ್ರೆ ಕೊಟ್ಟಿದ್ದೀನಿ. ಇನ್ನೊಂದು ಮಾತ್ರೆ ರಾತ್ರಿ ಎಂಟು ಗಂಟೆಗೆ, ಊಟ ಆದ ಮೇಲೆ. ನೀನು ಬರೋವರೆಗೂ ಪಕ್ಕದ ಮನೆಯವರು ಜೊತೆಗಿರ್ತಾರೆ.

ನಿನ್ನ ಸರ್ಕಾರಿ ಕೆಲಸದ ಭದ್ರತಾ ವಿಚಾರಣೆಗೆ ಅಧಿಕಾರಿ ಬಂದಿದ್ದರು. "ನೀವು ಯಾರು?" ಅಂದರು. ಅವನ ಅಕ್ಕ, ಮದುವೆಯಾಗಿ ಹೊರದೇಶದಲ್ಲಿದ್ದೀನಿ, ಅಮ್ಮನನ್ನು ನೋಡಿಕೊಳ್ಳೋಕೆ ಬಂದಿದ್ದೀನಿ ಅಂದೆ. ಅವರು ನಿನ್ನ ಫಾರಂ ನನ್ನ ಕಡೆ ತಿರುಗಿಸಿದರು. ಒಡಹುಟ್ಟಿದವರು: ಯಾರೂ ಇಲ್ಲ. ವಿದೇಶದಲ್ಲಿರುವ ಸಂಬಂಧಿಕರು: ಯಾರೂ ಇಲ್ಲ. ಬದುಕಿರುವಾಗಲೇ ನನಗೆ ಎಳ್ಳುನೀರು ಬಿಟ್ಟೆಯಲ್ಲೋ!

ಭಾವ ಬೇರೆ ದೇಶದವನು ಅಂತ ಗೊತ್ತಾದರೆ ಕೆಲಸ ಕೈತಪ್ಪುತ್ತೆ ಅಂದುಕೊಂಡೆಯಾ? "ಹೊರದೇಶದ ಸಂಬಂಧ ಇದ್ದರೆ ವಿಚಾರಿಸ್ತೀವಿ, ಅಷ್ಟೇ. ಮುಚ್ಚಿಟ್ಟರೆ ನಂಬೋದು ಹೇಗಮ್ಮಾ?" ಅಂದರು ಅವರು. ನನ್ನದೂ ಅದೇ ಪ್ರಶ್ನೆ.

ಅವರು ಕೊಟ್ಟು ಹೋದ ಹೊಸ ಫಾರಂ ಫ್ರಿಜ್ ಮೇಲಿದೆ. ನಾಳೆ ಹತ್ತು ಗಂಟೆಯೊಳಗೆ ತುಂಬಿಸಿ ಅವರ ಆಫೀಸಿಗೆ ನೀನೇ ಕೊಟ್ಟು ಬಾ. ಭಾವನ ಪಾಸ್‌ಪೋರ್ಟ್ ನಂಬರು ಈ ಚೀಟಿಯ ಹಿಂದೆ ಬರೆದಿದ್ದೀನಿ.

ಅಮ್ಮನಿಗೆ ಏನೂ ಹೇಳಿಲ್ಲ. ಇವತ್ತು ಗೆಳತಿ ಮನೆಯಲ್ಲಿರ್ತೀನಿ, ಫೋನ್ ಮಾಡಬೇಡ.

"ಅಕ್ಕ" ಅಂತ ಬರೆಯೋಕೆ ಕೈ ಬಾರದಿದ್ದರೆ ನೆನಪಿಸಿಕೋ: ಸ್ಲೇಟಿನ ಮೇಲೆ ನಿನ್ನ ಕೈ ಹಿಡಿದು ಅದನ್ನು ತಿದ್ದಿಸಿದವಳು ನಾನೇ.