ಮುಚ್ಚಿದ ಬಿಲ

ಕಾಲ್ಡರ್ ಫ್ಲಾಟ್,
ದಕ್ಷಿಣ ಆಸ್ಟ್ರೇಲಿಯಾ

ಕೌನ್ಸಿಲ್ ಅಧ್ಯಕ್ಷ ಶಿರ್ಮರ್ ಅವರಿಗೆ,

ಕಳೆದ ಮಂಗಳವಾರ ನಿಮ್ಮ ಬುಲ್ಡೋಜರ್, ಹೊಲದಡಿ ಬಿಲ ತೋಡಿ ಬದುಕುವ ಬಡಪ್ರಾಣಿ ವೊಂಬ್ಯಾಟ್‌ಗಳು ಒಳಗಿರುವಾಗಲೇ ಅವುಗಳ ಬಿಲಗಳನ್ನು ಮುಚ್ಚಿತು. ಬಿಲದೊಳಗೆ ಟ್ರ್ಯಾಕ್ಟರ್ ಕುಸಿದರೆ ಆಗುವ ಕಷ್ಟ ನನಗೂ ಗೊತ್ತು, ನಾನೂ ಗೋಧಿ ಬೆಳೆದವಳು. ಆದರೆ ನಿಮ್ಮ ತಂದೆ ಸಂಜೆ ಬಿಲದ ಬಾಯಿಗೆ ಕಡ್ಡಿ ನೆಟ್ಟು, ಬೆಳಿಗ್ಗೆ ಅವು ಹಾಗೇ ನಿಂತಿದ್ದರೆ ಮಾತ್ರ ಮುಚ್ಚುತ್ತಿದ್ದರು. ಸೋಮವಾರ ಸಂಜೆ ನಾನೂ ಹಾಗೇ ನೆಟ್ಟಿದ್ದ ಕಡ್ಡಿಗಳು ಮಂಗಳವಾರ ಬೆಳಿಗ್ಗೆ ಬಿದ್ದಿದ್ದವು. ನಿಮ್ಮ ಮೇಸ್ತ್ರಿಗೆ ತೋರಿಸಿದೆ.

"ಗಾಳಿಗೆ ಬಿದ್ದಿರ್ತಾವೆ ಬಿಡಿ, ಮಿಸೆಸ್ ನೋಸ್ಕೆ! ಅಷ್ಟು ಕನಿಕರ ಇದ್ರೆ ನಿಮ್ಮ ಮಂಚದಡಿ ಸಾಕ್ಕೊಳ್ಳಿ" ಎಂದು ನಕ್ಕ.

ಮರುದಿನ ನಾನೂ ನೆರೆಯವರೂ ಸೇರಿ ಅಗೆದಾಗ ತಾಯಿ ವೊಂಬ್ಯಾಟ್ ಸತ್ತಿತ್ತು. ಹೊಟ್ಟೆಯ ಚೀಲದಲ್ಲಿದ್ದ ಮರಿ ಉಸಿರಾಡುತ್ತಿತ್ತು. ಈಗ ಅದು ನನ್ನ ಅಡುಗೆಮನೆಯಲ್ಲಿ, ದಿಂಬಿನ ಗವಸಿನೊಳಗಿದೆ.

ಉಳಿದ ಬಿಲಗಳನ್ನು ಮುಟ್ಟಬೇಡಿ. ಮುಚ್ಚಿದ ಬಿಲಗಳು ಖಾಲಿ ಎಂದು ನಿಮಗೆ ಹೇಳಿದವರು ಯಾರು? ಮುಂದಿನ ಸಭೆಯಲ್ಲಿ ಊರವರೆದುರು ಎದ್ದು ನಿಂತು ಅವರ ಹೆಸರು ಹೇಳಿ.

ಎಡಿತ್ ನೋಸ್ಕೆ