ಲೆಕ್ಕದಿಂದ ತೆಗೆದ ಸೊಪ್ಪು

ಆಗಸ್ಟ್ 4, ಸೋಮವಾರ

ಬೆಳಗ್ಗೆ ಏಳಕ್ಕೇ ಶಾಲೆ. ನೀರು ಬಿಟ್ಟೆ. ಗೋಡೆ ಪಕ್ಕದ ಪಾತಿಯ ಸೊಪ್ಪು ಮೊಣಕಾಲು ಮುಟ್ಟಿದೆ. ಇನ್ನು ಬಿಟ್ಟರೆ ಬಲಿಯುತ್ತದೆ ಅಂತ ಐದನೇ ಕ್ಲಾಸಿನವರನ್ನು ಕರೆದು ಕೀಳಿಸಿದೆ. ತೂಗಿದರು, ಬರೆದುಕೊಂಡರು, ಫೋಟೋಗೆ ನಿಂತರು. ಆಮೇಲೆ ಪೋಷಣೆ ಮೇಡಂ ಬಂದು ಅದೇ ಸೊಪ್ಪನ್ನು ಮೇಜಿನ ಮೇಲಿಟ್ಟು, ಕಬ್ಬಿಣದ ಅಂಶ ರಕ್ತಕ್ಕೆ ಎಷ್ಟು ಉಪಕಾರ ಮಾಡುತ್ತದೆಂದು ಪಾಠ ಹೇಳಿದರು. ಪಾಠ ಮುಗಿಯಿತು. ಸೊಪ್ಪು ಗೊಬ್ಬರದ ಗುಂಡಿಗೆ.

ನಗರಸಭೆಯ ನಿಯಮ ಹಾಗೆ. ತೋಟ ಶಿಕ್ಷಣ ವಿಭಾಗದ್ದು, ಅಡುಗೆಮನೆ ಆಹಾರ ವಿಭಾಗದ್ದು. ತೋಟದಲ್ಲಿ ಬೆಳೆದದ್ದು ತರಕಾರಿಯಲ್ಲ, ‘ಬೋಧನಾ ಸಾಮಗ್ರಿ’. ಹರಿದ ಭೂಪಟ, ಮುರಿದ ಸ್ಕೇಲು — ಆ ಜಾತಿ. ಪಾಠವಾದ ಮೇಲೆ ಹೆಡ್‌ಮಿಸ್ ಸಹಿ ಹಾಕಿ ಲೆಕ್ಕದಿಂದ ತೆಗೆಯಬೇಕು, ಗುಂಡಿಗೆ ಸುರಿಯಬೇಕು. ಮಕ್ಕಳು ಉಣ್ಣುವ ತರಕಾರಿ ವಾರಕ್ಕೊಮ್ಮೆ ವ್ಯಾನಿನಲ್ಲಿ ಬರುತ್ತದೆ, ಮೊಹರು ಹಾಕಿಸಿಕೊಂಡು. ಬಂದಿಳಿಯುವಷ್ಟರಲ್ಲಿ ಅದಕ್ಕೇ ಪೋಷಣೆ ಬೇಕಾಗಿರುತ್ತದೆ.

ತಳ್ಳುಗಾಡಿಯಲ್ಲಿ ಸೊಪ್ಪು ಮಾರಿ, ಬಾಯಿಂದಲೇ ಬದುಕಿ, ಸಸಿ ಮಾರುವ ಅಂಗಡಿ ಮಾಡಿಕೊಂಡವಳು ನಾನು. ಈಗ ಕೊರಳಿಗೆ ‘ತೋಟದ ಮಾರ್ಗದರ್ಶಿ’ ಅಂತ ಬ್ಯಾಡ್ಜು. ಗಾಡಿಯಲ್ಲಿ ಒಂದು ಕಟ್ಟು ಬಾಡಿದರೂ ಹೊಟ್ಟೆ ಉರಿಯುತ್ತಿತ್ತು. ಇಲ್ಲಿ ಬಾಡುವ ಮೊದಲೇ ಹೂಳುತ್ತೇವೆ, ಸಹಿ ಸಮೇತ.

ಆಗಸ್ಟ್ 7

ಅಡುಗೆಮನೆಯಲ್ಲಿ ತಂಗಿ. ನನಗಿಂತ ಎಷ್ಟೋ ಮೊದಲೇ ಈ ಶಾಲೆಗೆ ಸೇರಿದ ಅಡುಗೆಯವಳು. ನಾವಿಬ್ಬರೂ ಒಂದೇ ಮನೆ, ಒಂದೇ ಬಾಡಿಗೆ, ಒಂದೇ ಜಗಳ. ಇಂದು ಬೇಳೆ ಕುದಿಯುತ್ತಿತ್ತು. ಬರೀ ಬೇಳೆ, ಅರಿಶಿನದ ನೀರಿನ ಹಾಗೆ. ವ್ಯಾನು ಬಂದಿಲ್ಲ.

ಇನ್ನೊಂದು ಪಾತಿಯಿಂದ ಇಂದಿನ ಪಾಠಕ್ಕೆ ಕೊಯ್ದ ಸೊಪ್ಪಿಗೆ ಹೆಡ್‌ಮಿಸ್ ಸಹಿ ಆಗಿತ್ತು. ಬುಟ್ಟಿ ನನ್ನ ಸೊಂಟದ ಮೇಲೆ. ಗುಂಡಿ ಎಡಕ್ಕೆ, ಅಡುಗೆಮನೆ ಬಲಕ್ಕೆ. ಬಲಕ್ಕೆ ತಿರುಗಿದೆ.

“ಬೇಳೆಗೆ ಹಾಕೇ.”

“ತಲೆ ಕೆಟ್ಟಿದ್ಯಾ ನಿಂಗೆ? ಹೊರಗಿನದು ಒಂದು ಕರಿಬೇವಿನ ಎಲೆ ಕಂಡ್ರೂ ನನ್ನ ಕೇಳ್ತಾರೆ.”

“ಹೊರಗಿನದೆಲ್ಲಿ ಬಂತು? ಮಕ್ಕಳು ಬೆಳೆದಿದ್ದು, ಮಕ್ಕಳಿಗೆ.”

“ಕೇಳಿದ್ರೆ ಏನನ್ನಲಿ?”

“ಕೇಳಿದ್ರೆ ನಾನಿದ್ದೀನಿ. ನೀನು ಸೌಟು ಆಡಿಸು, ನಾಲಿಗೆ ಆಡಿಸೋದು ನನಗೆ ಬಿಡು.”

ನಕ್ಕಳು. ಮೂರು ಸಲ ತೊಳೆದಳು, ಅದೂ ಉಪ್ಪು ನೀರಿನಲ್ಲಿ. ಹೆಚ್ಚಿ ಹಾಕಿದಳು. ಮಕ್ಕಳು ತಟ್ಟೆಯಲ್ಲಿ ಹಸಿರು ಹುಡುಕಿ ಹುಡುಕಿ, “ಇದು ನಮ್ಮ ಪಾತೀದು, ಇದು ನಿಮ್ಮ ಪಾತೀದು” ಅಂತ ಜಗಳವಾಡಿ ತಿಂದರು. ಬೆಂದ ಸೊಪ್ಪಿಗೆ ಪಾತಿಯ ಗುರುತು ಎಲ್ಲಿಂದ ಬರಬೇಕು. ಯಾರೂ ಅನ್ನ ಬಿಡಲಿಲ್ಲ. ತಂಗಿ ಬಾಗಿಲಲ್ಲಿ ಸೌಟು ಹಿಡಿದು ನೋಡುತ್ತಾ ನಿಂತಿದ್ದಳು. ಒಳಗೆ ಹೋಗು ಅಂದರೂ ಹೋಗಲಿಲ್ಲ.

ಆಗಸ್ಟ್ 8

ನಾಲ್ಕನೇ ಕ್ಲಾಸಿನ ಮೂವರು ವಾಂತಿ ಮಾಡಿಕೊಂಡರು. ಬೀದಿಯಲ್ಲೆಲ್ಲ ಜ್ವರ, ನಮ್ಮ ಓಣಿಯಲ್ಲೇ ಎಷ್ಟೋ ಮನೆಯವರು ಮಲಗಿದ್ದಾರೆ. ಆ ಮೂವರಲ್ಲಿ ಒಬ್ಬಳು ನಿನ್ನೆ ಶಾಲೆಗೇ ಬಂದಿರಲಿಲ್ಲ. ಯಾರಿಗೆ ಬೇಕು ಅದು. ಒಬ್ಬ ಅಪ್ಪ ನಿನ್ನೆ ತಟ್ಟೆಯಲ್ಲಿದ್ದ ಹಸಿರಿನ ಫೋಟೋ ಎಲ್ಲಿಂದಲೋ ಸಂಪಾದಿಸಿ ಪಾಲಕರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದಾನೆ. ಕೆಳಗೆ ಮಾತೇ ಇಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆಗಳು.

ತಂಗಿ ಎರಡು ಸಲ ಪಾತ್ರೆ ತಿಕ್ಕಿದಳು. ಶುಭ್ರವಾಗಿದ್ದ ಪಾತ್ರೆಗಳನ್ನೇ.

ಆಗಸ್ಟ್ 12

ವಿಚಾರಣೆ. ಕೇಳುವವರು ಫೋಟೋ ಸಾಹೇಬರು — ಶಾಲಾ ತೋಟದ ಕಾರ್ಯಕ್ರಮಕ್ಕೆಲ್ಲ ಅವರೇ ಮುಖ್ಯಸ್ಥರು. ನಮಸ್ಕಾರಕ್ಕಿಂತ ಮೊದಲು ಕ್ಯಾಮೆರಾ ಕಡೆ ತಿರುಗುತ್ತಾರೆಂದು ನಾನಿಟ್ಟ ಹೆಸರು. ಇಂದು ಕ್ಯಾಮೆರಾ ಇರಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದರು. ತಂಗಿ ಮೊದಲು ಹೋಗಿ ಬಂದಳು. “ಅಕ್ಕನ್ನ ಕೇಳಿ ಅಂದೆ” ಅಂತ ಕಿವಿಯಲ್ಲಿ ಹೇಳಿ ಹೋದಳು.

ಸಾಹೇಬರು ಬಾಗಿಲು ಹಾಕಿಸಿದರು. “ಮುಂದಿನ ವರ್ಷ ಇನ್ನಷ್ಟು ಶಾಲೆಗೆ ತೋಟ ಬರ್ತಿದೆ, ಅಮ್ಮ. ಎಲ್ಲಾದಕ್ಕೂ ನಿಮ್ಮ ಹೆಸರೇ ಬರೆದಿದ್ದೀನಿ. ಈಗ ಈ ಗಲಾಟೇಲಿ ತೋಟದ ಹೆಸರು ಬಂದ್ರೆ ಎಲ್ಲಾ ಹೋಯ್ತು. ಯೋಚಿಸಿ ಮಾತಾಡಿ.”

ಯೋಚಿಸುವುದೇನು, ನಾಲಿಗೆ ಆಗಲೇ ಹಾದಿ ಹಿಡಿದಿತ್ತು. ತೋಟವೂ ಉಳಿಯಬೇಕು, ತಂಗಿಯೂ ಉಳಿಯಬೇಕು. ಒಂದೇ ಮಾತಿನಲ್ಲಿ ಎರಡನ್ನೂ ಕಟ್ಟಿದೆ —

“ಸಾರ್, ಆ ಸೊಪ್ಪು ಆಗಲೇ ಲೆಕ್ಕದಿಂದ ತೆಗೆದಿದ್ದು. ಹೆಡ್‌ಮಿಸ್ ಸಹಿ ಇದೆ. ತೆಗೆದ ಮೇಲೆ ಅದು ತೋಟದ್ದಲ್ಲ, ಯಾರದ್ದೂ ಅಲ್ಲ. ಯಾರದ್ದೂ ಅಲ್ಲದ್ದನ್ನ ತಗೊಂಡ್ರೆ ಕಳ್ಳತನಾನೂ ಅಲ್ಲ.”

ಸಾಹೇಬರು ಪೆನ್ನು ಎತ್ತಿದರು. “ಅಂದ್ರೆ ಕಸ.”

“ನಿಮ್ಮ ಭಾಷೇಲಿ ಹಾಗೇ ಅನ್ನಿ ಸಾರ್.”

“ತೋಟಕ್ಕೂ ಅದಕ್ಕೂ ಸಂಬಂಧ ಇಲ್ಲ.”

“ಇಲ್ಲ ಸಾರ್.”

“ಚೆನ್ನಾಗಿ ಮಾತಾಡ್ತೀರಮ್ಮ. ವಕೀಲರಾಗಬೇಕಿತ್ತು.”

ಅಡುಗೆಮನೆಗೆ ಬುಟ್ಟಿ ಹೊತ್ತು ತಂದವರು ಯಾರು ಅಂತ ಅವರು ಕೇಳಲಿಲ್ಲ. ಕೇಳಲಿಲ್ಲವಲ್ಲ, ನಾನು ಹೇಳಲಿಲ್ಲ. ಹೊರಗೆ ಬಂದು ಟೀ ಕುಡಿದೆ. ಖುಷಿಯಾಗಿತ್ತು, ಸುಳ್ಳೇಕೆ.

ಆಗಸ್ಟ್ 20

ಆದೇಶ ಬಂತು. ‘ಮಕ್ಕಳ ಊಟದಲ್ಲಿ ತ್ಯಾಜ್ಯ ಬೆರೆಸಿದ ಕಾರಣ’ ತಂಗಿಯನ್ನು ಕೆಲಸದಿಂದ ತೆಗೆದಿದ್ದಾರೆ. ಇನ್ನು ನಗರಸಭೆಯ ಯಾವ ಅಡುಗೆಮನೆಗೂ ಸೇರುವಂತಿಲ್ಲ.

ಕಳ್ಳತನ ಅಂದಿದ್ದರೆ ಒಂದಷ್ಟು ದಿನ ಅಮಾನತು, ಮತ್ತೆ ಒಳಗೆ. ಅದನ್ನು ನಾನು ತಪ್ಪಿಸಿದ್ದೆ.

ಆಗಸ್ಟ್ 21

ಓಣಿಯಲ್ಲಿ ಸುದ್ದಿ. ಪಕ್ಕದ ಮನೆಯವಳು ತಂಗಿ ಕೊಟ್ಟ ಮೊಸರನ್ನು ಇಸಿದುಕೊಂಡಳು, ಒಳಗೆ ಹೋಗಿ ಚೆಲ್ಲಿದಳು. ಗೋಡೆ ತೆಳು. ಚೆಲ್ಲಿದ ಸದ್ದು ಇಬ್ಬರಿಗೂ ಕೇಳಿಸಿತು.

ಸೆಪ್ಟೆಂಬರ್ 3

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿದೆ. ತೋಟ ಚೆನ್ನಾಗಿದೆ. ಅಡುಗೆಮನೆಗೆ ಹೊಸಬಳು ಬಂದಿದ್ದಾಳೆ. ಬೇಳೆ ಮತ್ತೆ ನೀರಾಗಿದೆ. ಒಬ್ಬಳು ಹುಡುಗಿ ತಟ್ಟೆ ಹಿಡಿದು ನನ್ನ ಹತ್ತಿರ ಬಂದು, “ಹಳೇ ಆಂಟಿ ನಿಮ್ಮ ತಂಗೀನಾ?” ಅಂದಳು. ಹೌದೆಂದೆ. “ನಿಮ್ಮ ಮನೇಲಿ ದಿನಾ ಚೆನ್ನಾಗಿರೋದೇ ತಿಂತೀರಾ ಹಾಗಾದ್ರೆ.”

ಸಂಜೆ ತಂಗಿ ಮೇಲ್ಮನವಿ ಬರೆಸಿಕೊಂಡು ಬಂದಿದ್ದಳು. ‘ತ್ಯಾಜ್ಯ’ ಅನ್ನುವ ಮಾತು ಸಾಹೇಬರೇ ಹುಟ್ಟಿಸಿದ್ದು ಅಂತ ಅವಳ ನಂಬಿಕೆ.

“ನಾನು ಹೋಗಿ ಏನು ಮಾತಾಡ್ಲಿ ಅಕ್ಕ, ನಂಗೆ ಮಾತೇ ಹೊರಡಲ್ಲ. ನೀನು ಬಾ. ನೀನು ಬಾಯಿಬಿಟ್ರೆ ಮೇಜೂ ತಲೆದೂಗುತ್ತೆ.”

“ಬರ್ತೀನಿ ಬಿಡು.”

“ಅವತ್ತು ಒಳಗೆ ಏನಂದೆ ನೀನು?”

“ನಿನ್ನ ಪರವಾಗೇ ಮಾತಾಡಿದ್ದು.”

ಅದು ನಿಜ. ಅದೇ ತೊಂದರೆ.

ಸೆಪ್ಟೆಂಬರ್ 9, ಮಂಗಳವಾರ

ಬೆಳಗ್ಗೆ ಬಸ್ಸಿನಲ್ಲಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಬುಟ್ಟಿ ತಂದವಳು ನಾನು, ಹಾಕು ಅಂದವಳು ನಾನು, ಸೊಪ್ಪು ಎಳೆಯದು, ಒಳ್ಳೆಯದು. ಹೇಳಿಬಿಡುವುದು. ತೋಟ ಹೋದರೆ ಹೋಗಲಿ.

ಮೇಲ್ಮನವಿ ಕೇಳಲು ನಗರಸಭೆಯ ಮೇಲಿನ ಮೇಡಂ ಒಬ್ಬರು ಕೂತಿದ್ದರು, ಪಕ್ಕದಲ್ಲಿ ಫೋಟೋ ಸಾಹೇಬರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೇಡಂ ತಂಗಿಯನ್ನು ಕೇಳಿದರು, “ಕಸ ಅಲ್ಲ ಅಂತೀರಾ? ನಿಮ್ಮ ಅಕ್ಕಾನೇ ಕಸ ಅಂತ ಹೇಳಿಕೆ ಕೊಟ್ಟಿದ್ದಾರಲ್ಲ.” ಓದಿದರು. ನನ್ನ ಮಾತು, ನನ್ನದೇ ಲಯ, ಒಂದಕ್ಷರ ಆಚೀಚೆಯಿಲ್ಲ. ತೋಟದ್ದಲ್ಲ, ಯಾರದ್ದೂ ಅಲ್ಲ.

ತಂಗಿ ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಗಾಜಿನ ಲೋಟವನ್ನೇ ನೋಡಿದಳು.

“ಅವರು ಸುಳ್ಳು ಹೇಳಿದ್ದರೆ ಈಗ ಹೇಳಿ. ಅವರ ಮೇಲೂ ಕ್ರಮ ಆಗುತ್ತೆ” ಅಂದರು ಮೇಡಂ.

“ಮೇಡಂ, ಆ ಬುಟ್ಟಿ—” ಅಂದೆ ನಾನು.

“ಅಕ್ಕ ಹೇಳಿದ್ದು ಸರಿ ಮೇಡಂ” ಅಂದಳು ತಂಗಿ. “ಕಸಾನೇ. ಗುಂಡಿ ಹತ್ರ ಬಿದ್ದಿತ್ತು. ನಾನೇ ಎತ್ಕೊಂಡು ಬಂದೆ.”

ಸಾಹೇಬರು ಫೈಲು ಮುಚ್ಚಿದರು. ನಾನೂ ಬಾಯಿ ಮುಚ್ಚಿದೆ. ತೆರೆಯಬಹುದಿತ್ತು. ಇಷ್ಟು ಮಾತು ಮಾರಿದವಳಿಗೆ ಆಗ ಒಂದು ಮಾತು ಸಿಗಲಿಲ್ಲ ಅಂದರೆ ಯಾರು ನಂಬುತ್ತಾರೆ. ಸಿಕ್ಕಿತ್ತು. ಆಡಲಿಲ್ಲ.

ಬಸ್ ಸ್ಟಾಪಿನಲ್ಲಿ ಕೇಳಿದೆ, “ಯಾಕೆ ಹಾಗಂದೆ?”

“ಇಬ್ರೂ ಮನೇಲಿ ಕೂತ್ರೆ ಬಾಡಿಗೆ ಯಾರು ಕೊಡ್ತಾರೆ? ನಿನ್ನ ಸಸಿ ಅಂಗಡಿಯಿಂದ ಅದು ಹುಟ್ಟಲ್ಲ.”

ಅಷ್ಟೇ. ಕ್ಷಮೆಯೂ ಇಲ್ಲ, ಬೈಗುಳವೂ ಇಲ್ಲ. ಕೂಡಿ ಕಳೆದು ಉಳಿದದ್ದನ್ನು ಹೇಳಿದಳು. ನಮ್ಮ ಮನೆಯಲ್ಲಿ ಲೆಕ್ಕ ಬರುವುದು ನನಗೊಬ್ಬಳಿಗೇ ಅಂದುಕೊಂಡಿದ್ದೆ.

ಸೆಪ್ಟೆಂಬರ್ 26

ತಂಗಿಗೆ ಕೆಲಸ ಸಿಕ್ಕಿದೆ. ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು. ಒಲೆ ಹತ್ತಿರ ಹೋಗುವ ಹಾಗಿಲ್ಲ.

ಅಕ್ಟೋಬರ್ 6, ಸೋಮವಾರ

ಎರಡನೇ ಶಾಲೆಯ ತೋಟದ ಉದ್ಘಾಟನೆ. ಸಾಹೇಬರು ಮೊದಲ ಸಸಿ ನೆಟ್ಟರು, ಫೋಟೋ ಸರಿ ಬರಲಿಲ್ಲವೆಂದು ಕಿತ್ತು ಮತ್ತೆ ನೆಟ್ಟರು. ಪೋಷಣೆ ಮೇಡಂ ಹೊಸ ಚಾರ್ಟು ತಂದಿದ್ದರು. ನನ್ನನ್ನೂ ಮಾತಾಡಲು ನಿಲ್ಲಿಸಿದರು. ಮಾತಾಡಿದೆ. ಚಪ್ಪಾಳೆ ಬಂತು. ಏನಂದೆನೋ, ಈಗ ನೆನಪಿಲ್ಲ.

ಬರುವಾಗ ನಮ್ಮ ಅಂಗಡಿಯ ಹಿಂದಿನ ಮಡಿಯಿಂದ ಸೊಪ್ಪು ಕಿತ್ತು ತಂದೆ. ಎಳೆಯದು, ಬೇರಿನ ಮಣ್ಣೂ ಆರಿರಲಿಲ್ಲ. ಅಡುಗೆಕಟ್ಟೆ ಮೇಲಿಟ್ಟೆ. ತಂಗಿ ಆಗ ತಾನೇ ಕೆಲಸದಿಂದ ಬಂದಿದ್ದಳು, ಬೆರಳೆಲ್ಲ ಸೋಪಿನ ನೀರಿಗೆ ಬೆಳ್ಳಗೆ ಸುಕ್ಕುಗಟ್ಟಿದ್ದವು. ಕಟ್ಟು ಬಿಚ್ಚಲಿಲ್ಲ. ನೋಡಿದಳು.

“ಎಲ್ಲೀದು?”

“ನಮ್ಮದೇ.”

“ಲೆಕ್ಕದಿಂದ ತೆಗೆದಿದ್ದೋ ಅಕ್ಕ, ಇನ್ನೂ ಲೆಕ್ಕದಲ್ಲಿರೋದೋ?”

ವ್ಯಂಗ್ಯ ಅಲ್ಲ. ನಿಜವಾಗಿಯೇ ಕೇಳಿದಳು, ಉತ್ತರಕ್ಕೆ ಕಾದಳು. ನಾನು ಹೇಳಿದೆ, ಇದು ಒಳ್ಳೇ ಸೊಪ್ಪು ಕಣೇ, ಇದು ಕಸ ಅಲ್ಲ.