ಹಳೆಯ ಕಾಯಿಲೆ ಅರ್ಹತೆ, ಹೊಸ ಕಾಯಿಲೆ ಅಪರಾಧ

ಕೌಂಟಿಯ ಮಾನಸಿಕ ಆರೋಗ್ಯ ಕಚೇರಿಯ ಮಾನ್ಯ ನಿರ್ದೇಶಕರೇ,

ವರ್ನಾ ಡೂಡೆಕ್ ಕಾಯಿಲೆಯಿಂದ ಸತ್ತಳು ಎಂದು ನೀವು ಶ್ರದ್ಧಾಂಜಲಿ ಸಭೆಯಲ್ಲಿ ಹೇಳಿದಿರಿ. ಸುಳ್ಳು. ಕಾಯಿಲೆಯ ಜೊತೆ ಅವಳು ಇಪ್ಪತ್ತು ವರ್ಷಕ್ಕೂ ಮೇಲೆ ಬಾಳಿದ್ದಳು. ನಿಮ್ಮ ಆದೇಶದ ಜೊತೆ ಒಂದು ತಿಂಗಳು ಬಾಳುವುದು ಅವಳಿಂದ ಆಗಲಿಲ್ಲ.

ನಾನು ಹೆಚ್ಚು ಓದಿದವಳಲ್ಲ. ದಿನಚರಿ ಬರೆಯುವ ಅಭ್ಯಾಸವಿದೆ, ಅದನ್ನು ಯಾರಿಗೂ ತೋರಿಸಿದವಳಲ್ಲ. ನಿಮಗೆ ಮೊದಲು ಖಾಸಗಿಯಾಗಿಯೇ ಬರೆದಿದ್ದೆ. "ನಿಮ್ಮ ಭಾವನೆಗಳನ್ನು ಗೌರವಿಸುತ್ತೇವೆ" ಎಂದು ಉತ್ತರ ಬಂತು. ನಾನು ಕೇಳಿದ್ದು ಗೌರವವನ್ನಲ್ಲ, ಕಾರಣವನ್ನು. ಅದಕ್ಕೇ ಈಗ ಊರಿನ ವಾರಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ಓದುಗರಿಗಾಗಿ ಒಂದು ಮಾತು. ವರ್ನಾ ಮತ್ತು ನಾನು ಮಾಡುತ್ತಿದ್ದ ಕೆಲಸಕ್ಕೆ ಕಚೇರಿ ಇಟ್ಟಿರುವ ಹೆಸರು ಉದ್ದವಾಗಿದೆ. ನಾವು ಒಡನಾಡಿಗಳು ಅನ್ನುತ್ತೇವೆ. ಮನಸ್ಸಿನ ಕಾಯಿಲೆಯಲ್ಲಿ ಒಮ್ಮೆ ಬಿದ್ದು ಎದ್ದವರು, ಈಗ ಬಿದ್ದಿರುವವರ ಪಕ್ಕದಲ್ಲಿ ಹೋಗಿ ಕೂರುವವರು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಬಂದಿರಬೇಕೆಂಬುದೇ ಈ ಕೆಲಸಕ್ಕೆ ಮೊದಲ ಅರ್ಹತೆ. ಜಗತ್ತಿನಲ್ಲಿ ಇನ್ನಾವ ಕೆಲಸಕ್ಕೂ ಅದನ್ನು ಕೇಳುವುದಿಲ್ಲ. ನಾವು ಡಾಕ್ಟರುಗಳಲ್ಲ. ನಮ್ಮ ಕೈಯಲ್ಲಿರುವ ಮದ್ದು ಒಂದೇ, ನಮ್ಮದೇ ಕಥೆ.

ಆ ಮದ್ದು ಹೇಗೆ ಕೆಲಸ ಮಾಡುತ್ತದೆಂದು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಆಂಡಿ ಸಾಬೋ ನಿವೃತ್ತ ಬಸ್ ಚಾಲಕ. ತನಗೆ ಕೇಳುವ ದನಿಗಳಿಗೆ ಹೆದರಿ ಅಡುಗೆಮನೆ ಬಿಟ್ಟು ಹೊರಬರುತ್ತಿರಲಿಲ್ಲ. ಮೊದಲ ದಿನ ನಾವಿಬ್ಬರೂ ಹೋದಾಗ ಅವನು ಮುಖ ತಿರುಗಿಸಿಕೊಂಡೇ ಹೇಳಿದ, "ಸಂಬಳಕ್ಕೆ ಬಂದಿರೋರು ನೀವು. ನಿಮಗೇನ್ ಗೊತ್ತು?"

ವರ್ನಾ ಕುರ್ಚಿ ಎಳೆದುಕೊಂಡು ಕೂತಳು. "ನಂಗೂ ಕೇಳಿಸ್ತಿತ್ತು ಕಣಯ್ಯಾ. ನಂದು ಹೆಂಗಸಿನ ದನಿ, ಥೇಟ್ ನಮ್ಮತ್ತೆದೇ. ಸತ್ತ ಮೇಲೂ ಸೂಪಿಗೆ ಉಪ್ಪು ಸಾಲ್ದು ಅಂತ ಬೈಯೋದು. ನಿಂದೇನನ್ನತ್ತೆ?"

ಆಂಡಿ ಮುಖ ಈಚೆ ತಿರುಗಿಸಿದ. ಆಮೇಲೆ, "ಬ್ರೇಕ್ ಹಾಕು, ಬ್ರೇಕ್ ಹಾಕು ಅನ್ನತ್ತೆ."

"ಹಾಕಿದ್ಯಾ?"

"ಮೂವತ್ತು ವರ್ಷ ಬಸ್ ಓಡ್ಸಿದೀನಿ ಕಣಮ್ಮಾ. ಬ್ರೇಕ್ ಹಾಕೋದನ್ನ ಇದು ನಂಗೆ ಹೇಳ್ಕೊಡ್ಬೇಕಾ?"

ಮೂವರೂ ನಕ್ಕೆವು. ಮುಂದಿನ ವಾರ ಅವನು ವರಾಂಡಕ್ಕೆ ಬಂದ. ಚಳಿಗಾಲ ಮುಗಿಯುವ ಹೊತ್ತಿಗೆ ಒಡನಾಡಿಗಳೂ ಕಾಯಿಲೆಯವರೂ ಸಂಜೆ ಹೊತ್ತು ಸೇರುವ ನಮ್ಮ 'ಸಂಜೆ ಮನೆ'ಗೆ ಬಂದು ಇಸ್ಪೀಟಿನಲ್ಲಿ ಮೋಸ ಮಾಡುವಷ್ಟು ಗುಣವಾಗಿದ್ದ.

ನಾವು ಎಲ್ಲರಿಗೂ ಕಲಿಸುವ ಮೊದಲ ಪಾಠ, ಕಾಯಿಲೆ ಮರಳುವ ಸೂಚನೆ ಕಂಡರೆ ಮುಚ್ಚಿಡಬೇಡಿ, ತಕ್ಷಣ ಹೇಳಿ ಎಂಬುದು. ಏಪ್ರಿಲಿನಲ್ಲಿ ವರ್ನಾಗೆ ಆ ದನಿ ಮರಳಿತು. ತಾನು ಕಲಿಸಿದ್ದನ್ನೇ ಅವಳು ಮಾಡಿದಳು. ಮೇಲ್ವಿಚಾರಕಿಯ ಬಳಿ ಹೋಗಿ ಹೇಳಿದಳು. ನಾನು ಪಕ್ಕದ ಮೇಜಿನಲ್ಲಿದ್ದೆ.

"ದನಿ ಮತ್ತೆ ಶುರುವಾಗಿದೆ. ಡಾಕ್ಟರ್ ಹತ್ರ ಮಾತಾಡಿದೀನಿ, ಮಾತ್ರೆ ಬದಲಾಯಿಸ್ತಿದಾರೆ. ಸ್ವಲ್ಪ ದಿನ ಹೊಸಬರನ್ನ ಕೊಡ್ಬೇಡಿ, ಅಷ್ಟೆ."

"ಹೇಳಿದ್ದು ಒಳ್ಳೇದಾಯ್ತು ವರ್ನಾ," ಎಂದರು ಮೇಲ್ವಿಚಾರಕಿ.

ಎಷ್ಟು ಒಳ್ಳೆಯದಾಯಿತೆಂದರೆ, ಊಟದ ಹೊತ್ತು ಕಳೆಯುವುದರೊಳಗೆ ಕಾವಲಿನ ಕರ್ಟಿಸ್ ಅವಳ ಮೇಜಿನ ಮುಂದೆ ನಿಂತಿದ್ದ. ನಿಮ್ಮ ಆದೇಶದಂತೆ ಗುರುತಿನ ಚೀಟಿ ಕಿತ್ತುಕೊಂಡು ಅವಳನ್ನು ಹೊರಗೆ ಬಿಟ್ಟು ಬರಬೇಕಿತ್ತು. "ನನ್ನ ಬೈಬೇಡ ವರ್ನಾ," ಎಂದ ಅವನು, ನೆಲ ನೋಡುತ್ತ.

"ನಿನ್ನ್ಯಾಕೆ ಬೈಲಿ? ಮೊಣಕಾಲು ಹೇಗಿದೆ? ಮೆಟ್ಟಿಲು ಬೇಡ, ಲಿಫ್ಟಲ್ಲೇ ಹೋಗೋಣ ನಡಿ."

ಅಪಾಯಕಾರಿ ಎಂದು ನೀವು ತೀರ್ಮಾನಿಸಿದ ಹೆಂಗಸು ಅವಳು.

ಆದೇಶದ ಉಳಿದ ಭಾಗವನ್ನೂ ಊರು ತಿಳಿಯಲಿ. ಕೆಲಸಕ್ಕೆ ಯೋಗ್ಯಳೆಂದು ನಿಮ್ಮದೇ ಚಿಕಿತ್ಸಾಲಯದ ವೈದ್ಯರು ಬರೆದುಕೊಡುವವರೆಗೆ ಅವಳು ಸಹೋದ್ಯೋಗಿಗಳೊಂದಿಗೆ ಮಾತಾಡುವಂತಿಲ್ಲ. ಅವಳ ಸ್ವಂತ ಡಾಕ್ಟರರ ಮಾತು ನಡೆಯುವುದಿಲ್ಲ. ನಿಮ್ಮ ವೈದ್ಯರ ಭೇಟಿಗೆ ಅವಳಿಗೆ ಕೊಟ್ಟಿದ್ದ ದಿನ ಜೂನ್ ಕೊನೆಯದು. ಸಂಜೆ ಮನೆ ಕೂಡ 'ಕೆಲಸದ ಸ್ಥಳ'ವಂತೆ, ಅಲ್ಲಿಗೂ ಕಾಲಿಡುವಂತಿಲ್ಲ. ಗಂಡನಿಲ್ಲದ, ಮಕ್ಕಳಿಲ್ಲದ ಅವಳಿಗೆ ಇದ್ದವರೆಲ್ಲ ಆ ಮನೆಯಲ್ಲೇ ಇದ್ದರು. ಕಾಯಿಲೆಯ ಹೆಂಗಸೊಬ್ಬಳನ್ನು ಅವಳ ಕಷ್ಟ ಬಲ್ಲವರಿಂದಲೇ ದೂರವಿಡುವುದನ್ನು ನಿಮ್ಮ ಆದೇಶ 'ರಕ್ಷಣೆ' ಎಂದು ಕರೆದಿದೆ. ಯಾರಿಂದ ಯಾರನ್ನು ರಕ್ಷಿಸಿದಿರಿ ಮಾನ್ಯರೇ?

ನಾನು ಆದೇಶ ಮುರಿದು ಅವಳ ಮನೆಗೆ ಹೋದೆ. ಎಲೆಕೋಸಿನ ಕಡುಬು ಮಾಡಿಕೊಂಡು ಹೋಗಿದ್ದೆ. ಅವಳು ಬಾಗಿಲು ತೆಗೆಯಲಿಲ್ಲ.

"ಹೋಗೇ ಬರ್ನಡೆಟ್. ಎದುರು ಮನೆಯವಳು ನಿಮ್ಮ ಕಚೇರೀಲೇ ಟೈಪ್ ಮಾಡೋದು. ನೋಡಿದ್ರೆ ನಿನ್ ಕೆಲ್ಸಾನೂ ಹೋಗತ್ತೆ."

"ಹೋದ್ರೆ ಹೋಗ್ಲಿ, ತೆಗಿಯೇ."

"ಆಂಡೀನ ನೋಡ್ಕೊಳ್ಳೋರ್ಯಾರು ಆಮೇಲೆ? ನಿಮ್ಮಪ್ಪನಾ?" ಒಳಗಿನಿಂದಲೇ ಮತ್ತೆ, "ಕಡುಬು ಅಲ್ಲೇ ಇಡು. ಉಪ್ಪು ಹಾಕಿದೀಯಾ ತಾನೆ?"

ಅವಳ ಮಾತು ನಾನು ಕೇಳಿದ್ದು ಅದೇ ಕೊನೆ. ಮೇ ತಿಂಗಳ ನಡುವೆ ಅವಳು ತನ್ನ ಜೀವ ತಾನೇ ಕಳೆದುಕೊಂಡಳು. ಸಭೆಯಲ್ಲಿ ನೀವು ಅವಳನ್ನು 'ನಮ್ಮ ಕುಟುಂಬದವಳು' ಎಂದಿರಿ. ಅವಳ ಹೆಸರಿನಲ್ಲಿ ಒಂದು ಮರ ನೆಟ್ಟಿರಿ. ಒಳ್ಳೆಯ ಮರವೇ. ತನಗೇನಾಗುತ್ತಿದೆ ಎಂದು ಅದು ಯಾರಿಗೂ ಹೇಳುವುದಿಲ್ಲ. ನಿಮಗೆ ಬೇಕಾದ ಸಿಬ್ಬಂದಿ ಅಂಥದೇ.

ವರ್ನಾ ಎಲ್ಲಿ ಎಂದು ಯಾರಾದರೂ ಕೇಳಿದರೆ 'ರಜೆಯಲ್ಲಿದ್ದಾರೆ' ಅನ್ನಬೇಕೆಂದು ಏಪ್ರಿಲಿನಲ್ಲಿ ನಮಗೆ ಹೇಳಿಕೊಟ್ಟಿದ್ದರು. ಆಂಡಿಗೆ ನಾನು ಹಾಗೆನ್ನಲಿಲ್ಲ. ನಡೆದದ್ದನ್ನೇ ಹೇಳಿದೆ. ಅವನು ಎಲ್ಲ ಕೇಳಿಸಿಕೊಂಡು, "ಅವಳು ನಿಮ್ಮವಳು. ಅವಳು ಬಾಯಿ ಬಿಟ್ಟಿದ್ದಕ್ಕೇ ಹೀಗ್ಮಾಡಿದ್ರು. ಇನ್ ನಾನ್ಯಾಕಮ್ಮಾ ಬಾಯ್ ಬಿಡ್ಲಿ?" ಎಂದ. ಈಗ ವರಾಂಡಕ್ಕೂ ಬರುತ್ತಿಲ್ಲ. ಅವನ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿದೆಯೇ? ಹಳೆಯ ಕಾಯಿಲೆಯನ್ನು ತೋರಿಸಿ ನಮ್ಮನ್ನು ಕೆಲಸಕ್ಕೆ ಕರೆಯುತ್ತೀರಿ, ಸಮಾರಂಭಗಳಲ್ಲಿ ನಮ್ಮ ಕಥೆ ಹೇಳಿಸಿ ಚಪ್ಪಾಳೆ ತಟ್ಟಿಸುತ್ತೀರಿ. ಕಥೆ ಮುಗಿದಿರಬೇಕು, ಅಷ್ಟೇ ನಿಮ್ಮ ಷರತ್ತು. ಯಾರ ಕಥೆ ಮಾನ್ಯರೇ ಬದುಕಿರುವಾಗಲೇ ಮುಗಿದಿರುತ್ತದೆ?

ಇಷ್ಟಾದ ಮೇಲೆ ಹೊಸ ನಿಯಮ ಬಂದಿದೆ. ಬರುವ ಗುರುವಾರ ಒಡನಾಡಿಗಳೆಲ್ಲ ನಿಮ್ಮೆದುರು ನಿಂತು ತಮ್ಮಲ್ಲಿ ಕಾಯಿಲೆಯ ಯಾವ ಲಕ್ಷಣವೂ ಇಲ್ಲ ಎಂದು ಹೇಳಬೇಕಂತೆ. ಎಲ್ಲರೂ ಹೇಳುತ್ತಾರೆ, ಚಿಂತಿಸಬೇಡಿ. ನಿಮ್ಮ ಕಚೇರಿ ಸುಳ್ಳು ಹೇಳಬಲ್ಲ ಆರೋಗ್ಯವಂತರಿಂದ ತುಂಬುತ್ತದೆ.

ನನ್ನ ಬೇಡಿಕೆ ಇಷ್ಟು. ಈ ನಿಯಮ ರದ್ದಾಗಲಿ. ಕಾಯಿಲೆ ಮರಳಿತೆಂದು ಹೇಳಿದವರಿಗೆ ವಿಶ್ರಾಂತಿ ಕೊಡಿ, ಕೆಲಸ ಉಳಿಸಿ, ಸಂಜೆ ಮನೆಯ ಬಾಗಿಲು ತೆರೆದಿಡಿ, ಗೆಳೆಯರನ್ನು ಅವರ ಹತ್ತಿರ ಬಿಡಿ. ವರ್ನಾಗೆ ಮಾಡಿದ್ದು ತಪ್ಪು ಎಂದು ನೀವು ಆಂಡಿಯ ಮನೆಗೇ ಹೋಗಿ ಹೇಳಿ.

ಗುರುವಾರದವರೆಗೆ ಕಾಯುವುದೇಕೆ, ನನ್ನ ಹೇಳಿಕೆ ಇಲ್ಲಿಯೇ ಇದೆ. ವರ್ನಾ ಹೋದಾಗಿನಿಂದ ನನಗೆ ನಿದ್ದೆಯಿಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳಲು ಆಗುತ್ತಿಲ್ಲ. ಹದಿನಾಲ್ಕು ವರ್ಷದ ಹಿಂದೆ ನನ್ನನ್ನು ಆಸ್ಪತ್ರೆಗೆ ಸೇರಿಸಿದಾಗಲೂ ಶುರುವಾಗಿದ್ದು ಹೀಗೆಯೇ. ಡಾಕ್ಟರಿಗೆ ಹೇಳಿದ್ದೇನೆ, ತಂಗಿಗೆ ಹೇಳಿದ್ದೇನೆ. ಈಗ ಇಡೀ ಊರಿನ ಮುಂದೆ ನಿಮಗೂ ಹೇಳಿದ್ದೇನೆ. ಏನು ಮಾಡುತ್ತೀರಿ?

ಇಂತಿ,
ಸದ್ಯಕ್ಕೆ ನಿಮ್ಮ ಸಿಬ್ಬಂದಿಯಾಗಿರುವ
ಬರ್ನಡೆಟ್ ಕ್ರಾಲ್